ಸಣ್ಣ ದೋಣಿಗೆ ಹಳೆಯ ರೇಡಿಯೋ ಡೈರೆಕ್ಷನ್ ಫೈಂಡರ್: ಯಾವುದು ಕೊಳ್ಳಬಹುದು, ಯಾವುದು ಬೇಡ

ರೇಡಿಯೋ ಕೇಂದ್ರ ಯಾವ ದಿಕ್ಕಿನಲ್ಲಿದೆ ಎಂದು ತೋರಿಸುವ ಹಳೆಯ ರೇಡಿಯೋ ಡೈರೆಕ್ಷನ್ ಫೈಂಡರ್, ಅಂದರೆ ಆರ್‌ಡಿಎಫ್, ಮಾರಾಟಕ್ಕೆ ಕಂಡರೆ ಮೊದಲು ಅದರ ಡಯಲ್ ನೋಡಿ. 190ರಿಂದ 400 ಕಿಲೋಹರ್ಟ್ಸ್ ಆಸುಪಾಸಿನ, ದಿಕ್ಕು ತಿಳಿಸಲೆಂದೇ ಸಂಕೇತ ಕಳಿಸುವ ಬೀಕನ್ ಕೇಂದ್ರಗಳ ಬ್ಯಾಂಡ್ ಒಂದೇ ಇದ್ದರೆ ಸ್ವಲ್ಪ ತಡೆದು ಯೋಚಿಸಿ. ಜೊತೆಗೆ 535ರಿಂದ 1605 ಕಿಲೋಹರ್ಟ್ಸ್‌ನ ಮೀಡಿಯಂ ವೇವ್ ಕೂಡ ಇದ್ದು, ಆ ಬ್ಯಾಂಡ್‌ನಲ್ಲೂ ದಿಕ್ಕು ಹಿಡಿಯಲು ಬರುವಂತಿದ್ದರೆ ಮುಂದಿನ ಪರೀಕ್ಷೆಗಳಿಗೆ ಹೋಗಬಹುದು. ಐವತ್ತು ವರ್ಷದ ಹಿಂದೆ ಯಾರೂ ಹೀಗೆ ಹೇಳುತ್ತಿರಲಿಲ್ಲ. ಬೀಕನ್ ಬ್ಯಾಂಡ್‌ಗೆಂದೇ ಮಾಡಿದ ಸೆಟ್ಟೇ ಆಗ ಮೇಲಿನ ದರ್ಜೆಯದು, ಮೀಡಿಯಂ ವೇವ್ ಇದ್ದದ್ದು ಹಾಡು ಕೇಳುವವರ ಆಟಿಕೆ. ಈಗ ಆ ಲೆಕ್ಕ ತಿರುಗಿದೆ, ಏಕೆಂದರೆ ಬೀಕನ್‌ಗಳೇ ಹೋಗಿಬಿಟ್ಟಿವೆ.

ಅಮೆರಿಕದ ದೀಪಸ್ತಂಭ ಇಲಾಖೆ 1921ರಲ್ಲಿ ನ್ಯೂಯಾರ್ಕ್ ಬಂದರಿನ ಹಾದಿಯಲ್ಲಿ ತನ್ನ ಮೊದಲ ರೇಡಿಯೋ ಬೀಕನ್‌ಗಳನ್ನು ಹಾಕಿತು. ಆಮೇಲಿನ ಏಳು ದಶಕ ಜಗತ್ತಿನ ಬಹುತೇಕ ಕರಾವಳಿಗಳಲ್ಲಿ ದೀಪಸ್ತಂಭ, ದೀಪನೌಕೆಗಳಿಂದ ಈ ಸಂಕೇತಗಳು ಹೊರಡುತ್ತಿದ್ದವು. ಹಲವೆಡೆ ಆರು ಬೀಕನ್‌ಗಳು ಒಂದೇ ಫ್ರೀಕ್ವೆನ್ಸಿಯನ್ನು ಹಂಚಿಕೊಂಡು, ಸರದಿಯ ಮೇಲೆ ಒಂದೊಂದು ನಿಮಿಷ ಮಾತಾಡುತ್ತಿದ್ದವು. ಡಯಲ್ ಮುಟ್ಟದೆ ಆರು ನಿಮಿಷದಲ್ಲಿ ಆರು ಬೇರಿಂಗ್, ಅಂದರೆ ಕೇಂದ್ರವಿರುವ ದಿಕ್ಕಿನ ಕೋನ, ಸಿಗುವ ವ್ಯವಸ್ಥೆ ಅದು. 1990ರ ದಶಕದಲ್ಲಿ ಜಿಪಿಎಸ್ ಬಂದಾಗ ಇವುಗಳಲ್ಲಿ ಅನೇಕವನ್ನು ಜಿಪಿಎಸ್‌ನ ತಪ್ಪು ತಿದ್ದುವ ಡಿಜಿಪಿಎಸ್ ಸಂಕೇತ ಕಳಿಸುವ ಕೇಂದ್ರಗಳಾಗಿ ಬದಲಾಯಿಸಿದರು, ಉಳಿದವನ್ನು ಮುಚ್ಚಿದರು. 2000ದ ಮೇ 2ರಂದು ಅಮೆರಿಕ ಜಿಪಿಎಸ್‌ನ ಉದ್ದೇಶಪೂರ್ವಕ ಕಲಬೆರಕೆಯನ್ನು ನಿಲ್ಲಿಸಿದ ಮೇಲೆ ಡಿಜಿಪಿಎಸ್‌ನ ಅಗತ್ಯವೂ ಕರಗಿತು. ಅಮೆರಿಕದ ಡಿಜಿಪಿಎಸ್ ಜಾಲ 2020ರಲ್ಲಿ ನಿಂತಿತು, ಬ್ರಿಟನ್ ಮತ್ತು ಐರ್ಲೆಂಡಿನದು 2022ರಲ್ಲಿ.

ಹಾಗಾಗಿ ಬೀಕನ್ ಬ್ಯಾಂಡ್‌ನಲ್ಲಿ ಇಂದು ಕೇಳಿಸುವುದು ಮುಖ್ಯವಾಗಿ ವಿಮಾನಗಳಿಗಾಗಿ ಇಟ್ಟ ಎನ್‌ಡಿಬಿ ಎಂಬ ಬೀಕನ್‌ಗಳು. ಎರಡು ಅಥವಾ ಮೂರು ಅಕ್ಷರದ ಮೋರ್ಸ್ ಗುರುತನ್ನು ಮತ್ತೆ ಮತ್ತೆ ಹೇಳುತ್ತವೆ, ವಿಮಾನಯಾನದ ಚಾರ್ಟ್‌ಗಳಲ್ಲಿ ಸ್ಥಾನ, ಫ್ರೀಕ್ವೆನ್ಸಿ ಎರಡೂ ಇರುತ್ತವೆ. ಕರಾವಳಿಗೆ ಹತ್ತಿರದ ವಿಮಾನ ನಿಲ್ದಾಣದಲ್ಲಿ ಒಂದಿದ್ದರೆ ಚಿನ್ನದಂಥ ವಸ್ತು. ಆದರೆ ಇವನ್ನೂ ಒಂದೊಂದಾಗಿ ತೆಗೆಯುತ್ತಿದ್ದಾರೆ. ಹಳೆಯ ಪಟ್ಟಿ ನಂಬಿ ಹೊರಡಬೇಡಿ. ಹೊರಡುವ ದಿನ ದಡದಲ್ಲೇ ಕೂತು ಪ್ರತಿಯೊಂದನ್ನೂ ಕಿವಿಯಿಂದ ಕೇಳಿ ಖಚಿತಪಡಿಸಿಕೊಳ್ಳಿ. ಮೀಡಿಯಂ ವೇವ್ ಪ್ರಸಾರ ಕೇಂದ್ರಗಳೂ ಯುರೋಪಿನ ಹಲವು ದೇಶಗಳಲ್ಲಿ ಮುಚ್ಚಿವೆ. ಬೇರೆಡೆ ಅವು ಇನ್ನೂ ಗಟ್ಟಿಯಾಗಿ ಕೇಳುತ್ತವೆ, ಶಕ್ತಿಯಲ್ಲಂತೂ ಎನ್‌ಡಿಬಿಗಿಂತ ಎಷ್ಟೋ ಪಟ್ಟು ದೊಡ್ಡವು.

ಇಷ್ಟೆಲ್ಲ ಆದ ಮೇಲೆ ಯಾಕೆ ಕೊಳ್ಳಬೇಕು? ಬಾಲ್ಟಿಕ್, ಕಪ್ಪು ಸಮುದ್ರ, ಪೂರ್ವ ಮೆಡಿಟರೇನಿಯನ್‌ಗಳಲ್ಲಿ ಜಿಪಿಎಸ್ ಸಂಕೇತವನ್ನು ಅಡಗಿಸುವುದು, ಸುಳ್ಳು ಸಂಕೇತ ಕಳಿಸುವುದು ಇತ್ತೀಚೆಗೆ ಸಾಮಾನ್ಯವಾಗಿದೆ. ಉಪಗ್ರಹಕ್ಕೆ ಸಂಬಂಧವೇ ಇಲ್ಲದ ಒಂದು ಪೊಸಿಷನ್ ಲೈನ್ (ದೋಣಿ ತನ್ನ ಮೇಲೆ ಎಲ್ಲೋ ಇದೆ ಎಂದು ಹೇಳುವ ಚಾರ್ಟ್ ಗೆರೆ), ಮಂಜು ಮುಸುಕಿದಾಗ ದಡದ ಕಡೆ ತಿರುಗಿಸುವ ಒಂದು ದಿಕ್ಕು, ಇವೆರಡನ್ನು ಒಳ್ಳೆಯ ಆರ್‌ಡಿಎಫ್ ಇಂದಿಗೂ ಕೊಡುತ್ತದೆ. ಮೂರು ಗೆರೆ ಎಳೆದು ಚಾರ್ಟ್ ಮೇಲೆ ನಿಖರ ಸ್ಥಾನ ಪಡೆಯುವ ಆಸೆಯಿಂದ ಕೊಂಡರೆ ಮಾತ್ರ ನಿರಾಸೆ ಖಂಡಿತ.

ಸದ್ದು ಅಡಗುವ ಜಾಗ

ಯಾವ ಸೆಟ್ ಆದರೂ ಒಳಗಿನ ತತ್ವ ಒಂದೇ. ಸುರುಳಿ ಆಂಟೆನಾವನ್ನೋ ತಂತಿ ಸುತ್ತಿದ ಫೆರೈಟ್ ಕಡ್ಡಿಯನ್ನೋ ಒಂದು ಸುತ್ತು ತಿರುಗಿಸಿದರೆ ಸದ್ದು ಎರಡು ಕಡೆ ಏರುತ್ತದೆ, ಎರಡು ಕಡೆ ಅಡಗುತ್ತದೆ. ಏರುವ ಜಾಗ ಅಗಲವಾದದ್ದು, ಇಪ್ಪತ್ತು ಮೂವತ್ತು ಡಿಗ್ರಿ ತಿರುಗಿಸಿದರೂ ಕಿವಿಗೆ ವ್ಯತ್ಯಾಸ ಗೊತ್ತಾಗದು. ಅಡಗುವ ಜಾಗ ಚೂಪು. ಅದನ್ನೇ ನಲ್ ಎನ್ನುವುದು, ಬೇರಿಂಗ್ ತೆಗೆಯುವುದು ಅಲ್ಲಿಯೇ. ಫೆರೈಟ್ ಕಡ್ಡಿಯ ತುದಿ ಕೇಂದ್ರದತ್ತ ನೇರವಾಗಿ ಬೊಟ್ಟು ಮಾಡಿದಾಗ ಸದ್ದು ಅಡಗುತ್ತದೆ. ಸುರುಳಿಯಾದರೆ ಅದರ ಅಗಲ ಮುಖ ಕೇಂದ್ರಕ್ಕೆ ಎದುರಾದಾಗ. ಮನೆಯ ಸಾಧಾರಣ ಟ್ರಾನ್ಸಿಸ್ಟರ್ ರೇಡಿಯೋದಲ್ಲೂ ಅಂಥದೇ ಕಡ್ಡಿ ಇರುತ್ತದೆ. ಅದರಿಂದಲೂ ದಿಕ್ಕನ್ನು ಒರಟಾಗಿ ಹಿಡಿಯಬಹುದು, ಆದರೆ ಡಿಗ್ರಿ ಓದಲು ಏನೂ ಇಲ್ಲ, ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಇಳಿಸುವ ಗುಬ್ಬಿ ಇಲ್ಲ, ನಲ್ ಬಂದ ಕೂಡಲೇ ಸದ್ದಿನ ಮಟ್ಟವನ್ನು ತಾನೇ ಸಮ ಮಾಡುವ ಒಳಗಿನ ಎಜಿಸಿ ಸದ್ದನ್ನು ಮೇಲೆತ್ತಿ ಅದನ್ನು ಮಸುಕು ಮಾಡುತ್ತದೆ.

ಆರ್‌ಡಿಎಫ್‌ಗೆ ಕೊಡುವ ಹಣ ಆ ಮೂರು ಕೊರತೆ ನೀಗಿಸುವುದಕ್ಕೆ. ಕೈಯಿಂದ ಇಳಿಸಬಲ್ಲ ಆರ್‌ಎಫ್ ಗೇನ್, ಎಜಿಸಿಯನ್ನು ನಿಲ್ಲಿಸುವ ಸೌಲಭ್ಯ, ಸರಿಯಾದ ಡಿಗ್ರಿ ಅಳತೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಪೆಟ್ಟಿಗೆಯನ್ನು ಅಲಂಕಾರಕ್ಕೆ ಬಿಟ್ಟುಬಿಡಿ. ನಾಲ್ಕನೆಯದು ಬಿಎಫ್‌ಒ. ಇದರ ಬೆಲೆ ಅನೇಕರಿಗೆ ತಿಳಿದಿಲ್ಲ. ಮೀಡಿಯಂ ವೇವ್‌ನಲ್ಲಿ ವಾರ್ತೆ ಓದುತ್ತಿರುವಾಗ ಓದುವವರು ಉಸಿರು ತೆಗೆದುಕೊಂಡ ಕ್ಷಣವೂ ನಲ್‌ನಂತೆಯೇ ಕೇಳಿಸುತ್ತದೆ. ಬಿಎಫ್‌ಒ ಹಾಕಿದರೆ ವಾಹಕ ತರಂಗವೇ ಒಂದು ಎಡೆಬಿಡದ ಸಿಳ್ಳೆಯಾಗುತ್ತದೆ. ಆ ಸಿಳ್ಳೆ ಅಡಗಿದ್ದು ಆಂಟೆನಾ ತಿರುಗಿದ್ದರಿಂದಲೇ ಎಂಬುದರಲ್ಲಿ ಅನುಮಾನ ಉಳಿಯದು. ಎನ್‌ಡಿಬಿಯ ಮೋರ್ಸ್ ಗುರುತು ಕೇಳಲು ಬಿಎಫ್‌ಒ ನಿಲ್ಲಿಸಿ, ದಿಕ್ಕು ಹಿಡಿಯಲು ಹಾಕಿ.

ಮಾರುಕಟ್ಟೆಯಲ್ಲಿ ಸಿಗುವ ಬಗೆಗಳು

ಕೈಯಲ್ಲಿ ಹಿಡಿಯುವ ಸೆಟ್‌ಗಳಲ್ಲಿ ಹೆಚ್ಚು ಕಾಣುವುದು ಬ್ರಿಟನ್ನಿನ ಸೀಫಿಕ್ಸ್. ಪೆಟ್ಟಿಗೆಯ ಒಳಗೆ ಫೆರೈಟ್ ಕಡ್ಡಿ, ಮೇಲೆ ದಿಕ್ಸೂಚಿ, ಕಿವಿಗೆ ಇಯರ್‌ಫೋನ್. ನಲ್ ಬಂದಾಗ ದಿಕ್ಸೂಚಿ ಓದಿದರೆ ಬೇರಿಂಗ್ ಸಿಕ್ಕಿತು, ದೋಣಿ ಯಾವ ಕಡೆ ಹೋಗುತ್ತಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ಸಣ್ಣ ದೋಣಿಗೆ ಇದಕ್ಕಿಂತ ಜಾಣ ವಿನ್ಯಾಸ ಇಲ್ಲ. ರೇಡಿಯೋ ಕೆಟ್ಟರೂ ಕೈ ದಿಕ್ಸೂಚಿಯಾಗಿ ಬಳಕೆಗೆ ಬರುತ್ತದೆ. ಆದರೆ ಅದು ಬೀಕನ್ ಬ್ಯಾಂಡ್‌ಗೆ ಮಾಡಿದ ಯಂತ್ರ. ನೀವು ಓಡಾಡುವ ಕರಾವಳಿಯಲ್ಲಿ ಎರಡು ಎನ್‌ಡಿಬಿಯಾದರೂ ಜೀವಂತ ಇದ್ದರೆ ಕೊಳ್ಳಿ, ಇಲ್ಲದಿದ್ದರೆ ಬೇಡ.

ಲಿಮಿಂಗ್‌ಟನ್‌ನ ಬ್ರೂಕ್ಸ್ ಅಂಡ್ ಗೇಟ್‌ಹೌಸ್ ಕಂಪನಿಯ ಹೋಮರ್ ರಿಸೀವರ್ ಮತ್ತು ಹೆರಾನ್ ಆಂಟೆನಾ ಜೋಡಿ ಗುಣಮಟ್ಟದಲ್ಲಿ ಒಂದು ಮೆಟ್ಟಿಲು ಮೇಲೆ. ರಿಸೀವರ್ ಕ್ಯಾಬಿನ್‌ನ ಗೋಡೆಗೆ ಅಂಟಿಕೊಂಡು ಒಣಗಿಯೇ ಇರುತ್ತದೆ, ದಿಕ್ಸೂಚಿ ಕೂರಿಸಿದ ಆಂಟೆನಾ ಮಾತ್ರ ಕೇಬಲ್ ತುದಿಯಲ್ಲಿ ಕೈಗೆ ಬರುತ್ತದೆ. ಟ್ಯೂನಿಂಗ್ ನಯವಾಗಿದೆ, ಪಕ್ಕದ ಕೇಂದ್ರವನ್ನು ಚೆನ್ನಾಗಿ ದೂರವಿಡುತ್ತದೆ. ಕೊಳ್ಳುವಾಗ ಎರಡೂ ಭಾಗ ಒಟ್ಟಿಗೆ ಇವೆಯೇ ನೋಡಿ. ಹೋಮರ್ ಬಿಡಿಯಾಗಿ ಎಷ್ಟೋ ಸಿಗುತ್ತದೆ, ಹೆರಾನ್ ಇಲ್ಲದ ಹೋಮರ್ ಬರೀ ಒಂದು ಒಳ್ಳೆಯ ರೇಡಿಯೋ. ಕೇಬಲ್ ಹಿಡಿಕೆಗೆ ಸೇರುವ ಜಾಗದಲ್ಲಿ ಒಳತಂತಿ ಮುರಿಯುವುದೇ ಇದರ ಸಾಮಾನ್ಯ ರೋಗ. ಕೇಬಲ್ಲನ್ನು ಅಲ್ಲಿ ಅತ್ತಿತ್ತ ಬಾಗಿಸಿ ಕರಕರ ಸದ್ದು ಬರುತ್ತದೆಯೇ ಕೇಳಿ.

ಮೂರನೆಯದು ಮೇಜಿನ ಮೇಲೆ ಇಡುವ ಅಮೆರಿಕನ್ ಬಗೆ. ಹೀತ್‌ಕಿಟ್, ರೇ ಜೆಫರ್ಸನ್ ಮುಂತಾದವರ ಸೆಟ್‌ಗಳು. ಮೇಲೆ ತಿರುಗುವ ಫೆರೈಟ್ ಪಟ್ಟಿ, ಅದರ ಕೆಳಗೆ 360 ಡಿಗ್ರಿಯ ಬಳೆ, ಪಕ್ಕದಲ್ಲಿ ಕೇಂದ್ರ ಮುಂದಿದೆಯೋ ಹಿಂದಿದೆಯೋ ತಿಳಿಸುವ, ಎಳೆದು ಉದ್ದ ಮಾಡುವ ಸೆನ್ಸ್ ಆಂಟೆನಾ, ಮುಂದೆ ನಲ್ ಮೀಟರ್. ಸಾಮಾನ್ಯವಾಗಿ ಮೂರು ಬ್ಯಾಂಡ್: ಬೀಕನ್, ಮೀಡಿಯಂ ವೇವ್, ಮತ್ತೆ 1.6 ಮೆಗಾಹರ್ಟ್ಸ್‌ನಿಂದ ಮೇಲಿನ ಹಡಗು ಬ್ಯಾಂಡ್. ಇಂದು ನಮ್ಮ ಶಿಫಾರಸು ಈ ಬಗೆಗೇ. ಮೀಡಿಯಂ ವೇವ್ ಇದೆ, ಒಳಗೆ ಕೈ ಹಾಕಿ ರಿಪೇರಿ ಮಾಡಲು ಜಾಗ ಇದೆ, ಹೀತ್‌ಕಿಟ್‌ ಜೋಡಣೆಯ ಕಿಟ್ ಆಗಿ ಮಾರಿದ್ದರಿಂದ ಅದರ ಕೈಪಿಡಿಯಲ್ಲಿ ಪ್ರತಿ ಬಿಡಿಭಾಗದ ವಿವರ ಇದೆ. ಕುಂದೂ ಅಷ್ಟೇ ಸ್ಪಷ್ಟ. ಇದು ಕೊಡುವುದು ದೋಣಿಯ ಮೂತಿಯಿಂದ ಎಣಿಸಿದ ಕೋನ. ಅದಕ್ಕೆ ಆ ಕ್ಷಣದ ಹೆಡ್ಡಿಂಗ್, ಅಂದರೆ ಮೂತಿ ತಿರುಗಿರುವ ದಿಕ್ಸೂಚಿಯ ದಿಕ್ಕು, ಕೂಡಿಸಬೇಕು. ದೋಣಿ ಹತ್ತು ಡಿಗ್ರಿ ಅತ್ತಿತ್ತ ಆಡುತ್ತಿದ್ದರೆ ಬೇರಿಂಗೂ ಹತ್ತು ಡಿಗ್ರಿ ಆಡುತ್ತದೆ.

ಸೂಜಿ ತಾನೇ ತಿರುಗಿ ದಿಕ್ಕು ತೋರಿಸುವ ಬೆನ್‌ಮಾರ್, ಕೋಡೆನ್ ಮುಂತಾದವರ ಎಡಿಎಫ್‌ಗಳು ಮೀನುಗಾರಿಕೆ ದೋಣಿಗಳಿಂದ ಇಳಿದು ಮಾರಾಟಕ್ಕೆ ಬರುತ್ತವೆ. ನೋಡಲು ಭವ್ಯ, ಹತ್ತು ಮೀಟರ್ ಒಳಗಿನ ದೋಣಿಗೆ ಹೊರೆ. ಹೊರಗೆ ಸ್ಥಿರ ಸುರುಳಿ ಕೂರಿಸಬೇಕು, ಕೇಬಲ್ ಉದ್ದವನ್ನು ಕಂಪನಿ ಹೇಳಿದ್ದಕ್ಕಿಂತ ಹೆಚ್ಚುಕಮ್ಮಿ ಮಾಡಿದರೆ ಕೋನವೇ ತಪ್ಪುತ್ತದೆ, ಗುಡುಗು ಮೋಡ ಹತ್ತಿರ ಇದ್ದರೆ ಪ್ರತಿ ಮಿಂಚಿಗೂ ಸೂಜಿ ಮೋಡದ ಕಡೆ ಹಾರುತ್ತದೆ. ವಾಲ್ವ್ ಸೆಟ್‌ಗಳ ಬಗ್ಗೆ ಒಂದೇ ಮಾತು: 67.5 ಅಥವಾ 90 ವೋಲ್ಟ್‌ನ ಒಣ ಬ್ಯಾಟರಿ ಬೇಡುವಂಥದನ್ನು ದೋಣಿಗೆ ಹತ್ತಿಸಬೇಡಿ.

ಹಣ ಕೊಡುವ ಮೊದಲು

ಪರೀಕ್ಷೆ ಕಟ್ಟಡದ ಒಳಗೆ ಬೇಡ. ಕಾಂಕ್ರೀಟ್‌ನ ಕಬ್ಬಿಣ, ಗೋಡೆಯ ವೈರಿಂಗ್ ಎಲ್ಲ ಸೇರಿ ದಿಕ್ಕನ್ನು ಎಲ್ಲೆಲ್ಲಿಗೋ ತಿರುಗಿಸುತ್ತವೆ. ಬಯಲಿಗೆ ತನ್ನಿ, ಹಗಲು ಹೊತ್ತು, ವಿದ್ಯುತ್ ತಂತಿಯಿಂದ ದೂರ. ಮಧ್ಯಮ ಬಲದ ಒಂದು ಮೀಡಿಯಂ ವೇವ್ ಕೇಂದ್ರ ಹಿಡಿದು, ಸೆನ್ಸ್ ಆಂಟೆನಾವನ್ನು ಪೂರ್ತಿ ಒಳಗೆ ತಳ್ಳಿ, ಗೇನ್ ಇಳಿಸುತ್ತ ನಲ್ ಹುಡುಕಿ. ಸದ್ದು ಅಡಗಿದ ಡಿಗ್ರಿ ಮತ್ತು ಮತ್ತೆ ಕೇಳಿಸಿದ ಡಿಗ್ರಿ ಎರಡನ್ನೂ ಬರೆದುಕೊಳ್ಳಿ. ಅಂತರ ಹತ್ತು ಡಿಗ್ರಿಯೊಳಗೆ ಇದ್ದರೆ ಸೆಟ್ ಆರೋಗ್ಯವಾಗಿದೆ. ಈಗ ಅರ್ಧ ಸುತ್ತು ತಿರುಗಿಸಿ ಎದುರಿನ ನಲ್ ಹಿಡಿಯಿರಿ. ಎರಡರ ನಡುವೆ ಸರಿಯಾಗಿ 180 ಡಿಗ್ರಿ ಇರಬೇಕು. 170 ಬಂದರೆ ಕಡ್ಡಿಯ ಸುರುಳಿ ತಂತಾನೇ ಲಂಬ ಆಂಟೆನಾದಂತೆಯೂ ಸ್ವಲ್ಪ ಕೆಲಸ ಮಾಡುತ್ತಿದೆ ಎಂದರ್ಥ. ಒಳಗಿನ ತಂತಿ ಕವಚದ ಅರ್ತ್ ಬಿಟ್ಟಿರುತ್ತದೆ, ಇಲ್ಲವೇ ಸೆನ್ಸ್ ಸ್ವಿಚ್ ಸೋರುತ್ತಿರುತ್ತದೆ. ರಿಪೇರಿ ಆಗುವ ತನಕ ಎರಡೂ ನಲ್ ಓದಿ ಸರಾಸರಿ ತೆಗೆದರೆ ದೋಷದ ಬಹುಪಾಲು ಕಳೆದುಹೋಗುತ್ತದೆ.

ನಲ್‌ನ ತಳದಲ್ಲಿ ಬೇರೊಂದು ಕಾರ್ಯಕ್ರಮ ಸಣ್ಣಗೆ ಕೇಳಿಸಿದರೆ ಗಾಬರಿ ಬೇಡ, ಸೆಟ್ ಕೆಟ್ಟಿಲ್ಲ. ಅದೇ ಫ್ರೀಕ್ವೆನ್ಸಿಯಲ್ಲಿ ದೂರದ ಇನ್ನೊಂದು ಕೇಂದ್ರ ಇದೆ. ಸೆಟ್ ಚೆನ್ನಾಗಿದೆ ಎಂಬುದಕ್ಕೆ ಅದೇ ಸಾಕ್ಷಿ, ಆದರೆ ಆ ಕೇಂದ್ರವನ್ನು ನಿಮ್ಮ ಪಟ್ಟಿಯಿಂದ ಹೊಡೆದುಹಾಕಿ.

ಬ್ಯಾಟರಿ ಗೂಡು ತೆರೆಯಿರಿ. ಆಲ್ಕಲೈನ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ವಿನಿಗರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಹಳೆಯ ಜಿಂಕ್-ಕಾರ್ಬನ್ ಸೆಲ್ ಸೋರಿದ್ದರೆ ಅದು ಹುಳಿ ಸ್ವಭಾವದ್ದು, ಅಡುಗೆ ಸೋಡಾ ನೀರು ಬೇಕು. ಎರಡಕ್ಕೂ ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ. ಫೆರೈಟ್ ಕಡ್ಡಿ ಬಿರುಕು ಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡಿ. ಅದು ಪಿಂಗಾಣಿಯಷ್ಟೇ ಪೆಡಸು, ಒಮ್ಮೆ ಬಿದ್ದರೆ ಸಾಕು. ಎರಡು ತುಂಡನ್ನು ಅಂಟಿಸಿದರೆ ಸದ್ದೇನೋ ಬರುತ್ತದೆ, ಸುರುಳಿಯ ಇಂಡಕ್ಟೆನ್ಸ್ ಬದಲಾಗಿ ಡಯಲ್‌ಗೂ ಆಂಟೆನಾಕ್ಕೂ ತಾಳ ತಪ್ಪುತ್ತದೆ. ಬ್ಯಾಂಡಿನ ಒಂದು ತುದಿಯಲ್ಲಿ ಚುರುಕು, ಇನ್ನೊಂದರಲ್ಲಿ ಮಂಕು ಆಗಿದ್ದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

1960ರ ದಶಕದ ಯುರೋಪಿಯನ್ ಸೆಟ್‌ಗಳಲ್ಲಿ ಎಎಫ್114ರಿಂದ ಎಎಫ್117ರವರೆಗಿನ ಜರ್ಮೇನಿಯಂ ಟ್ರಾನ್ಸಿಸ್ಟರ್ ಇದ್ದರೆ ಇನ್ನೊಂದು ಕಾಯಿಲೆಗೆ ಸಿದ್ಧರಾಗಿ. ಅದರ ಲೋಹದ ಕವಚದ ಒಳಗೋಡೆಯಿಂದ ಕೂದಲಿಗಿಂತ ತೆಳುವಾದ ತವರದ ಎಳೆ ಬೆಳೆದು ಒಳಗಿನ ಕಾಲಿಗೆ ತಾಗುತ್ತದೆ. ಸೆಟ್ ಇದ್ದಕ್ಕಿದ್ದಂತೆ ಮೂಕವಾಗುತ್ತದೆ, ಬೆರಳಿಂದ ತಟ್ಟಿದರೆ ಮತ್ತೆ ಮಾತಾಡುತ್ತದೆ. ನಾಲ್ಕು ಕಾಲುಗಳಲ್ಲಿ ಕವಚಕ್ಕೆ ಸೇರಿದ ಕಾಲನ್ನು ಕತ್ತರಿಸಿದರೆ ತಾತ್ಕಾಲಿಕ ಪರಿಹಾರ ಸಿಗುತ್ತದೆ. ಸಮುದ್ರಕ್ಕೆ ಒಯ್ಯುವ ಯಂತ್ರಕ್ಕೆ ತಾತ್ಕಾಲಿಕ ಸಾಲದು. ಬೇರೆ ಸಂಖ್ಯೆಯ ಸರಿಸಮ ಟ್ರಾನ್ಸಿಸ್ಟರ್ ಹಾಕಿಸಿ. ಆ ಕಾಲದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಅಳೆಯುತ್ತ ಕೂರದೆ ಎಲ್ಲವನ್ನೂ ಬದಲಾಯಿಸಿಬಿಡಿ.

ದೋಣಿಯ 12 ವೋಲ್ಟ್‌ಗೆ ಜೋಡಿಸುವ ಮುನ್ನ ಸರ್ಕ್ಯೂಟ್ ನೋಡಲೇಬೇಕು. ಜರ್ಮೇನಿಯಂ ಪಿಎನ್‌ಪಿ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಧನ ತುದಿಯೇ ಚಾಸಿಗೆ ಸೇರಿರುತ್ತದೆ. ದೋಣಿಯಲ್ಲಿ ಋಣ ತುದಿ ಅರ್ತ್. ಚಾಸಿ ಯಾವುದಾದರೂ ಲೋಹಕ್ಕೆ ತಾಗಿದ ಕ್ಷಣ ನೇರ ಶಾರ್ಟ್. ಒಳಗಿನ ಬ್ಯಾಟರಿಯಲ್ಲೇ ಓಡಿಸುವುದು ಕ್ಷೇಮ. ದೋಣಿಯ ವೈರಿಂಗ್‌ನಿಂದ ಬರುವ ಗದ್ದಲವೂ ಆಗ ಒಳಗೆ ಬರುವುದಿಲ್ಲ.

ದೋಣಿಯೇ ಮಾಡುವ ತಪ್ಪು

ಯಂತ್ರ ಎಷ್ಟೇ ಒಳ್ಳೆಯದಿರಲಿ, ಅದನ್ನು ಕೂರಿಸಿದ ದೋಣಿ ದಿಕ್ಕನ್ನು ತಿರುಚುತ್ತದೆ. ಮಾಸ್ಟ್, ಅದನ್ನು ಬಿಗಿದ ಉಕ್ಕಿನ ತಂತಿಗಳು, ಅಂಚಿನ ಸುರಕ್ಷಾ ತಂತಿ ಎಲ್ಲವೂ ಸಂಕೇತವನ್ನು ಹೀರಿ ಮತ್ತೆ ಹೊರಸೂಸುತ್ತವೆ. ಇವು ಒಂದಕ್ಕೊಂದು ತಾಗಿ ಮುಚ್ಚಿದ ಸುರುಳಿಯಾದರೆ ತೊಂದರೆ ಹಲವು ಪಟ್ಟು. ಸುರಕ್ಷಾ ತಂತಿಯ ಒಂದು ತುದಿಯನ್ನು ಲೋಹದ ಕೊಂಡಿ ಬಿಟ್ಟು ಸಿಂಥೆಟಿಕ್ ಹಗ್ಗದಿಂದ ಬಿಗಿದರೆ ಆ ಸುರುಳಿ ತುಂಡಾಗುತ್ತದೆ. ಅಷ್ಟರಿಂದಲೇ ಬೇರಿಂಗ್ ಎಷ್ಟೋ ನೇರವಾಗುತ್ತದೆ. ಕೈ ಸೆಟ್ ಆದರೆ ನಿಲ್ಲುವ ಒಂದೇ ಜಾಗ ಗೊತ್ತು ಮಾಡಿ, ಪ್ರತಿ ಸಲವೂ ಅಲ್ಲೇ ನಿಲ್ಲಿ. ಕ್ಯಾಬಿನ್ ಬಾಗಿಲ ಬಳಿ, ದೋಣಿಯ ನಡುಗೆರೆಯ ಮೇಲೆ ಸಾಮಾನ್ಯವಾಗಿ ಒಳ್ಳೆಯದು. ಹೆಡ್‌ಫೋನಿನಲ್ಲಿ ಅಯಸ್ಕಾಂತ ಇರುತ್ತದೆ, ಲೌಡ್‌ಸ್ಪೀಕರಿನಲ್ಲಿ ಇನ್ನೂ ದೊಡ್ಡದು. ಎರಡನ್ನೂ ದಿಕ್ಸೂಚಿಯಿಂದ ದೂರ ಇಡಿ.

ಉಳಿದ ತಪ್ಪನ್ನು ಅಳೆದು ಪಟ್ಟಿ ಮಾಡಬೇಕು. ಇದನ್ನು ಬಿಟ್ಟು ಆರ್‌ಡಿಎಫ್ ಬಳಸುವುದರಲ್ಲಿ ಅರ್ಥವಿಲ್ಲ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಆದರೆ ಎರಡು ನಾಟಿಕಲ್ ಮೈಲಿಗಿಂತ ಹತ್ತಿರ ಇಲ್ಲದ ಒಂದು ಪ್ರಸಾರ ಗೋಪುರ ಆರಿಸಿ. ಹಗಲಲ್ಲಿ, ನೀರು ಶಾಂತವಾಗಿದ್ದಾಗ, ದೋಣಿಯನ್ನು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಪ್ರತಿ 15 ಡಿಗ್ರಿಗೆ ಒಬ್ಬರು ಗೋಪುರವನ್ನು ಕಣ್ಣಿನಿಂದ, ಇನ್ನೊಬ್ಬರು ರೇಡಿಯೋದಿಂದ ಒಂದೇ ಕ್ಷಣದಲ್ಲಿ ಓದಬೇಕು. ಇಪ್ಪತ್ತನಾಲ್ಕು ಜೋಡಿ ಸಿಗುತ್ತವೆ. ವ್ಯತ್ಯಾಸವನ್ನು ದೋಣಿಯ ಮೂತಿಯಿಂದ ಎಣಿಸಿದ ಕೋನದ ಎದುರು ಗ್ರಾಫ್ ಮಾಡಿ. ಕೈ ದಿಕ್ಸೂಚಿಯ ಸೆಟ್ ಆದರೂ ಗ್ರಾಫ್ ಮಾತ್ರ ಮೂತಿಯಿಂದಲೇ ಎಣಿಸಬೇಕು, ಏಕೆಂದರೆ ತಪ್ಪು ಮಾಡುತ್ತಿರುವುದು ದೋಣಿಯ ಲೋಹ. ಗೆರೆ ಮೂತಿ, ಹಿಂಭಾಗ ಮತ್ತು ಎರಡು ಪಕ್ಕಗಳಲ್ಲಿ ಸೊನ್ನೆಗೆ ಹತ್ತಿರ, ನಡುವಿನ ನಾಲ್ಕು ಮೂಲೆಗಳಲ್ಲಿ ಗರಿಷ್ಠ ಇದ್ದು ನಯವಾಗಿ ಅಲೆಯಂತೆ ಹೋದರೆ ನಂಬಬಹುದು. ಎಲ್ಲೋ ಒಂದು ಕಡೆ ಚೂಪಾಗಿ ಏರಿದರೆ ಮುಚ್ಚಿದ ಸುರುಳಿಯೊಂದು ಇನ್ನೂ ಉಳಿದಿದೆ, ಹುಡುಕಿ. ತಪ್ಪು ಫ್ರೀಕ್ವೆನ್ಸಿಗೆ ತಕ್ಕಂತೆ ಬದಲಾಗುವುದರಿಂದ 300 ಕಿಲೋಹರ್ಟ್ಸ್ ಆಸುಪಾಸಿಗೆ ಒಂದು ಪಟ್ಟಿ, 1000 ಆಸುಪಾಸಿಗೆ ಇನ್ನೊಂದು ಬೇಕು.

ಬೇರಿಂಗ್ ತೆಗೆಯುವುದು

ಮೊದಲು ಗದ್ದಲ ನಿಲ್ಲಿಸಿ. ಇಂಜಿನ್ನಿನ ಆಲ್ಟರ್ನೇಟರ್, ಸೋಲಾರ್ ಚಾರ್ಜ್ ಕಂಟ್ರೋಲರ್, ಇನ್ವರ್ಟರ್, ಎಲ್‌ಇಡಿ ದೀಪ, ಮೊಬೈಲಿನ ಯುಎಸ್‌ಬಿ ಚಾರ್ಜರ್, ಚಾರ್ಟ್‌ಪ್ಲಾಟರ್ ಪರದೆ. ಹಳೆಯ ಕೈಪಿಡಿಗಳಲ್ಲಿ ಇವುಗಳಲ್ಲಿ ಹೆಚ್ಚಿನವುಗಳ ಮಾತೇ ಇಲ್ಲ, ಆದರೆ ಇಂದು ಸೆಟ್ ಕಿವುಡಾಗಿದೆ ಎಂದು ದೂರುವವರ ದೋಣಿಯಲ್ಲಿ ಹೆಚ್ಚಿನ ಸಲ ಕಾರಣ ಇವೇ. ಒಂದೊಂದಾಗಿ ಆರಿಸುತ್ತ ಕೇಳಿದರೆ ಯಾವುದು ಕಿರುಚುತ್ತಿತ್ತು ಎಂದು ತಾನೇ ಗೊತ್ತಾಗುತ್ತದೆ.

ಗುರುತು ಖಚಿತಪಡಿಸಿಕೊಂಡು, ಬಿಎಫ್‌ಒ ಹಾಕಿ ಸಿಳ್ಳೆ ಹಿಡಿದ ಮೇಲೆ ನಲ್‌ನ ಮೇಲಿಂದ ಒಮ್ಮೆ ಬೇಗ ಹಾಯ್ದು ಅದು ಎಲ್ಲಿದೆ ಎಂದು ತಿಳಿದುಕೊಳ್ಳಿ. ಅಂಚುಗಳಲ್ಲಿ ಸದ್ದು ಆಗಷ್ಟೇ ಕೇಳಿಸುವಂತೆ ಗೇನ್ ಹೊಂದಿಸಿ. ಎಡದಿಂದ ಬಂದು ಸದ್ದು ಅಡಗಿದ ಡಿಗ್ರಿ 072, ಮತ್ತೆ ಎದ್ದದ್ದು 080 ಎಂದರೆ ಬೇರಿಂಗ್ 076. ನಡುವೆ ಎಲ್ಲಿ ಅತ್ಯಂತ ಮೌನ ಎಂದು ಕಿವಿಗೆ ಕೇಳಬೇಡಿ, ಅಂಚುಗಳನ್ನು ಮಾತ್ರ ನಂಬಿ. ಮೂರು ಸಲ ತೆಗೆದು, ಉಳಿದೆರಡಕ್ಕೆ ಹೊಂದದ್ದನ್ನು ಬಿಡಿ. ಮೇಜಿನ ಸೆಟ್ ಆದರೆ ನೀವು “ಈಗ” ಎಂದ ಕ್ಷಣಕ್ಕೆ ಚುಕ್ಕಾಣಿ ಹಿಡಿದವರು ಹೆಡ್ಡಿಂಗ್ ಹೇಳಬೇಕು. ನೀವು ಹೇಳಿದ ಮೇಲೆ ಅವರು ದಿಕ್ಸೂಚಿ ನೋಡಲು ತಿರುಗಿದರೆ ತಡವಾಯಿತು, ಅವರ ಕಣ್ಣು ಮೊದಲೇ ಅದರ ಮೇಲೆ ಇರಬೇಕು.

ನಲ್ ಎರಡು ದಿಕ್ಕಿಗೂ ಒಂದೇ ತರ ಇರುವುದರಿಂದ ಕೇಂದ್ರ ಮುಂದಿದೆಯೋ ಹಿಂದಿದೆಯೋ ಹೇಳುವುದು ಸೆನ್ಸ್ ಆಂಟೆನಾದ ಕೆಲಸ. ನಲ್ ಹಿಡಿದು, 90 ಡಿಗ್ರಿ ತಿರುಗಿಸಿ, ಸೆನ್ಸ್ ಹಾಕಿದಾಗ ಮೀಟರ್ ಏರಿತೋ ಇಳಿಯಿತೋ ಎಂಬುದರ ಮೇಲೆ ತೀರ್ಮಾನ. ಕೆಲಸ ಮುಗಿದ ಕೂಡಲೇ ಅದನ್ನು ಒಳಗೆ ತಳ್ಳಿ, ಹೊರಗೇ ಬಿಟ್ಟರೆ ಮುಂದಿನ ನಲ್ ಮಸುಕಾಗುತ್ತದೆ. ಕರಾವಳಿಯಲ್ಲಿ ಭೂಮಿ ಯಾವ ಕಡೆ ಎಂದು ಗೊತ್ತೇ ಇರುವುದರಿಂದ ಇದರ ಅಗತ್ಯ ಅಪರೂಪ. ಸೆನ್ಸ್ ಕೆಟ್ಟಿದೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಸೆಟ್ಟನ್ನು ಬಿಡಬೇಡಿ.

ಮೀಡಿಯಂ ವೇವ್ ಕೇಂದ್ರ ಬಳಸುವಾಗ ಚಾರ್ಟ್ ಮೇಲೆ ಗುರುತು ಹಾಕಬೇಕಾದದ್ದು ಟ್ರಾನ್ಸ್‌ಮಿಟರ್ ಗೋಪುರವನ್ನು. ಸ್ಟುಡಿಯೋ ಊರೊಳಗೆ, ಗೋಪುರ ಹತ್ತಿಪ್ಪತ್ತು ಮೈಲಿ ಆಚೆ ಇರುವುದು ಮಾಮೂಲು. ಹಲವು ಗೋಪುರಗಳಿಂದ ಒಂದೇ ಕಾರ್ಯಕ್ರಮ ಒಂದೇ ಫ್ರೀಕ್ವೆನ್ಸಿಯಲ್ಲಿ ಹೊರಡುವ ಜಾಲವಾದರೆ ಅದು ಕೆಲಸಕ್ಕೆ ಬಾರದು, ನಲ್ ಎಲ್ಲೂ ಚೂಪಾಗುವುದಿಲ್ಲ.

ಆಕಾಶ, ದಡ, ಚಾರ್ಟ್

ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲಿನಿಂದ ಸೂರ್ಯೋದಯವಾಗಿ ಒಂದು ಗಂಟೆಯವರೆಗೆ ದೂರದ ಕೇಂದ್ರದ ಬೇರಿಂಗ್ ನಂಬಬೇಡಿ. ಆ ಹೊತ್ತಿನಲ್ಲಿ ಮೇಲಿನ ಅಯಾನುಗೋಳದಿಂದ ಪ್ರತಿಫಲಿಸಿ ಬರುವ ತರಂಗ ನೆಲದ ಮೇಲೆ ಬರುವುದರ ಜೊತೆ ಬೆರೆಯುತ್ತದೆ. ಅದರ ಧ್ರುವೀಕರಣ, ಅಂದರೆ ಅಲೆ ಕಂಪಿಸುವ ದಿಕ್ಕು, ತಿರುಚಿರುತ್ತದೆ, ಹಾಗಾಗಿ ನಲ್ ಅಗಲವಾಗುತ್ತದೆ ಮತ್ತು ಕಣ್ಣೆದುರೇ ನಿಧಾನವಾಗಿ ಅಲೆಯುತ್ತದೆ. ರಾತ್ರಿ ಬಳಸಲೇಬೇಕಾದರೆ 25 ಮೈಲಿಯೊಳಗಿನ ಎನ್‌ಡಿಬಿಗೆ ಸೀಮಿತವಾಗಿರಿ.

ದಡವನ್ನು ಓರೆಯಾಗಿ ದಾಟಿ ಬರುವ ಸಂಕೇತ ಬಾಗುತ್ತದೆ, ಏಕೆಂದರೆ ನೆಲಕ್ಕಿಂತ ಉಪ್ಪುನೀರಿನ ಮೇಲೆ ಅದರ ವೇಗ ತುಸು ಹೆಚ್ಚು. ಇದರಿಂದ ಚಾರ್ಟ್ ಮೇಲೆ ನಿಮ್ಮ ಗೆರೆ ನಿಜಕ್ಕಿಂತ ದಡಕ್ಕೆ ಹತ್ತಿರ ಬೀಳುತ್ತದೆ. ಕೇಂದ್ರ ದಡದ ಅಂಚಿನಲ್ಲೇ ಇದ್ದರೆ, ಅಥವಾ ಸಂಕೇತ ದಡವನ್ನು ನೇರವಾಗಿ ಅಡ್ಡ ದಾಟಿದರೆ ಇದು ಗಣನೆಗೆ ಬರುವುದಿಲ್ಲ. ಒಳನಾಡಿನ ಮೀಡಿಯಂ ವೇವ್ ಗೋಪುರ ಬಳಸುವವರು ಮಾತ್ರ ಪ್ರತಿ ಸಲವೂ ಇದನ್ನು ನೆನಪಿಡಬೇಕು.

ದೂರದ ಕೇಂದ್ರವಾದರೆ ಮತ್ತೊಂದು ತಿದ್ದುಪಡಿ. ರೇಡಿಯೋ ತರಂಗ ಮಹಾವೃತ್ತದ ಹಾದಿಯಲ್ಲಿ, ಅಂದರೆ ಭೂಗೋಳದ ಮೇಲಿನ ಅತಿ ಹತ್ತಿರದ ಹಾದಿಯಲ್ಲಿ, ಬರುತ್ತದೆ, ಮರ್ಕೇಟರ್ ಚಾರ್ಟ್ ಮೇಲೆ ನೀವು ಎಳೆಯುವುದು ನೇರ ಗೆರೆ. ರೇಖಾಂಶಗಳ ವ್ಯತ್ಯಾಸದ ಅರ್ಧವನ್ನು ಸರಾಸರಿ ಅಕ್ಷಾಂಶದ ಸೈನ್‌ನಿಂದ ಗುಣಿಸಿ, ಬಂದದ್ದನ್ನು ಸಮಭಾಜಕದ ಕಡೆಗೆ ಸರಿಸಬೇಕು. 50 ಡಿಗ್ರಿ ಅಕ್ಷಾಂಶದಲ್ಲಿ 4 ಡಿಗ್ರಿ ರೇಖಾಂಶ ದೂರದ ಕೇಂದ್ರಕ್ಕೆ ಇದು ಸುಮಾರು ಒಂದೂವರೆ ಡಿಗ್ರಿ. 13 ಡಿಗ್ರಿ ಅಕ್ಷಾಂಶದಲ್ಲಿ ಅಷ್ಟೇ ದೂರಕ್ಕೆ ಅರ್ಧ ಡಿಗ್ರಿಗೂ ಕಡಿಮೆ, ಅಲ್ಲಿ ಮರೆತರೂ ನಷ್ಟವಿಲ್ಲ.

ಎಲ್ಲ ಸರಿಯಾಗಿ ಮಾಡಿದರೆ ಶಾಂತ ನೀರಿನಲ್ಲಿ ಎರಡು ಮೂರು ಡಿಗ್ರಿಯ ನಿಖರತೆ ಸಿಗುತ್ತದೆ, ಅಲೆಗಳಲ್ಲಿ ಐದು ಅಥವಾ ಅದಕ್ಕೂ ಹೆಚ್ಚು. 20 ಮೈಲಿ ದೂರದ ಕೇಂದ್ರಕ್ಕೆ ಮೂರು ಡಿಗ್ರಿ ಎಂದರೆ ಒಂದು ಮೈಲಿ ಪಕ್ಕ, 60 ಮೈಲಿಗೆ ಐದು ಡಿಗ್ರಿ ಎಂದರೆ ಐದು ಮೈಲಿ. ಗೆರೆಯನ್ನು ಗೆರೆಯಾಗಿ ಎಳೆಯದೆ ಎರಡೂ ಕಡೆ ಇಷ್ಟು ಅಗಲ ಬಿಟ್ಟ ಪಟ್ಟಿಯಾಗಿ ಎಳೆಯಿರಿ. ಆಳ ಅಳೆಯುವ ಯಂತ್ರದ ಓದನ್ನು ಆ ಪಟ್ಟಿಯ ಮೇಲೆ ಇಟ್ಟರೆ, ಇನ್ನೊಂದು ಕಳಪೆ ರೇಡಿಯೋ ಗೆರೆಗಿಂತ ಒಳ್ಳೆಯ ಸ್ಥಾನ ಸಿಗುತ್ತದೆ.

ಆರ್‌ಡಿಎಫ್ ತನ್ನ ಪೂರ್ತಿ ಬೆಲೆ ತೀರಿಸುವುದು ಬೀಕನ್ ಕಡೆಗೇ ನೇರ ಹೋಗುವಾಗ. ತಪ್ಪಿನ ಕೋನ ಅಷ್ಟೇ ಇದ್ದರೂ ದೂರ ಕಮ್ಮಿಯಾದಂತೆ ಮೈಲಿ ಲೆಕ್ಕದಲ್ಲಿ ಅದು ಕುಗ್ಗುತ್ತ ಬರುತ್ತದೆ. ಮೂತಿಯ ನೇರದಲ್ಲಿ ದೋಣಿಯ ಲೋಹದ ದೋಷವೂ ಕನಿಷ್ಠ. ಕಡ್ಡಿಯನ್ನು ದೋಣಿಯ ಉದ್ದಕ್ಕೆ ಇಟ್ಟು ನಲ್ ಉಳಿಯುವಂತೆ ಚುಕ್ಕಾಣಿ ಹಿಡಿದರೆ ಸಾಕು. ಪಕ್ಕದಿಂದ ನೀರಿನ ಸೆಳೆತ ಇದ್ದರೆ ಹಾದಿ ಬಾಗುತ್ತದೆ, ದಿಕ್ಸೂಚಿಯ ಹೆಡ್ಡಿಂಗ್ ಒಂದೇ ಕಡೆಗೆ ಸರಿಯುತ್ತ ಹೋಗುವುದೇ ಅದರ ಸುಳಿವು. ಬಾಗಿದ ಹಾದಿಯಲ್ಲಿ ಬಂಡೆ ಇದೆಯೇ ಎಂದು ಚಾರ್ಟ್ ಮೊದಲೇ ನೋಡಿರಬೇಕು.

ಈ ವಿಧಾನದ ಅಪಾಯವೂ ಅದರ ನಿಖರತೆಯಲ್ಲೇ ಇದೆ. 1934ರ ಮೇ 15ರಂದು ದಟ್ಟ ಮಂಜಿನಲ್ಲಿ ನ್ಯಾಂಟುಕೆಟ್ ದೀಪನೌಕೆಯ ರೇಡಿಯೋ ಬೀಕನ್ ಹಿಡಿದು ಬರುತ್ತಿದ್ದ ಒಲಿಂಪಿಕ್ ಹಡಗು ನೇರವಾಗಿ ಆ ದೀಪನೌಕೆಗೇ ಗುದ್ದಿ ಅದನ್ನು ಮುಳುಗಿಸಿತು. ಹನ್ನೊಂದು ಸಿಬ್ಬಂದಿಯಲ್ಲಿ ಏಳು ಜನ ಸತ್ತರು. ಬೀಕನ್ ಎಷ್ಟು ದೂರದಲ್ಲಿದೆ ಎಂದು ಆರ್‌ಡಿಎಫ್ ಎಂದೂ ಹೇಳುವುದಿಲ್ಲ. ಹತ್ತಿರ ಬಂದಂತೆ ಗೇನ್ ಮತ್ತೆ ಮತ್ತೆ ಇಳಿಸಬೇಕಾಗುತ್ತದೆ, ಕಿವಿಗೆ ಸಿಗುವ ಎಚ್ಚರಿಕೆ ಅಷ್ಟೇ. ಅದಕ್ಕೇ ಮೂತಿಯನ್ನು ಬೀಕನ್‌ಗೆ ನೇರ ಇಡದೆ, ಕೆಲವು ಡಿಗ್ರಿ ಪಕ್ಕಕ್ಕೆ, ಸುರಕ್ಷಿತ ನೀರಿರುವ ಕಡೆಗೆ ತಿರುಗಿಸಿಕೊಂಡು ಸಾಗಬೇಕು. ಬೇರಿಂಗ್ ಬೇಗ ಬೇಗ ಬದಲಾಗಲು ತೊಡಗಿದರೆ ನೀವು ಅದರ ಪಕ್ಕಕ್ಕೆ ಬರುತ್ತಿದ್ದೀರಿ.

ನಮ್ಮ ಆಯ್ಕೆ ಹೀಗಿದೆ. ಮೀಡಿಯಂ ವೇವ್ ಕೇಂದ್ರಗಳು ಉಳಿದಿರುವ ಕಡೆ ಓಡಾಡುವವರಿಗೆ ಬಿಎಫ್‌ಒ ಇರುವ ಮೂರು ಬ್ಯಾಂಡಿನ ಮೇಜಿನ ಸೆಟ್. ಕರಾವಳಿಯಲ್ಲಿ ಎನ್‌ಡಿಬಿ ಜೀವಂತ ಇರುವವರಿಗೆ, ದೋಣಿ ಏಳೆಂಟು ಮೀಟರಿನದಾಗಿದ್ದರೆ, ಸೀಫಿಕ್ಸ್. ಜೋಡಿ ಪೂರ್ತಿ ಸಿಕ್ಕರೆ ಹೋಮರ್ ಮತ್ತು ಹೆರಾನ್. ಮೀಡಿಯಂ ವೇವ್ ಕೇಂದ್ರ, ಎನ್‌ಡಿಬಿ ಎರಡೂ ಇಲ್ಲದ ಸಮುದ್ರದಲ್ಲಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಯಾವುದೂ ಬೇಡ. ಕೊಂಡ ಮೇಲೆ ತಯಾರಿಸಿದ ದೋಷದ ಪಟ್ಟಿಯ ಮೇಲೆ ದಿನಾಂಕ ಬರೆದು ಸೆಟ್ಟಿನ ಹಿಂಬದಿಗೆ ಅಂಟಿಸಿ. ಮಾಸ್ಟ್ ತಂತಿ ಬದಲಾಯಿಸಿದರೆ, ಸೋಲಾರ್ ಫಲಕಕ್ಕೆ ಹೊಸ ಲೋಹದ ಚೌಕಟ್ಟು ಕಟ್ಟಿದರೆ, ಹಗ್ಗ ಬಿಗಿದಿದ್ದ ಸುರಕ್ಷಾ ತಂತಿಗೆ ಯಾರಾದರೂ ಮತ್ತೆ ಲೋಹದ ಕೊಂಡಿ ಹಾಕಿದರೆ, ಆ ಪಟ್ಟಿ ಹರಿದು ಇಪ್ಪತ್ತನಾಲ್ಕು ಓದುಗಳನ್ನೂ ಮತ್ತೆ ತೆಗೆಯಬೇಕು.